ಪ್ರೈಡ್‌ಗೆ ಹೋಗುವ ದಾರಿ: ನಡಿಗೆ, ಗಾಲಿ, ಸೈಕಲ್

ಸಲಿಂಗಿಗಳು, ಟ್ರಾನ್ಸ್‌ಜೆಂಡರ್ ವ್ಯಕ್ತಿಗಳು ತಮ್ಮ ಹಕ್ಕಿಗಾಗಿ ಬೀದಿಗಿಳಿಯುವ ಪ್ರೈಡ್ ಮೆರವಣಿಗೆ ಅಂದ ಕೂಡಲೇ ಕಣ್ಣ ಮುಂದೆ ಬರುವುದು ಬಣ್ಣದ ಬಾವುಟ, ತಮಟೆ, ಕುಣಿತ. ಅಲ್ಲಿಗೆ ಜನ ಹೇಗೆ ಬಂದರು ಅಂತ ಕೇಳುವವರು ಕಡಿಮೆ. ಆದರೆ ಮೆರವಣಿಗೆಯಲ್ಲಿ ಯಾರು ಇರುತ್ತಾರೆ, ಯಾರು ಇರುವುದಿಲ್ಲ ಅನ್ನುವುದು ಎಷ್ಟೋ ಸಲ ಆ ಪ್ರಶ್ನೆಯಲ್ಲೇ ತೀರ್ಮಾನವಾಗಿ ಹೋಗಿರುತ್ತದೆ. ಕಾರು ಇದ್ದವರು ಬರುತ್ತಾರೆ. ಬೈಕ್ ಹಿಂದೆ ಕೂರಿಸಿಕೊಂಡು ಬರುವ ಗೆಳೆಯರಿದ್ದವರು ಬರುತ್ತಾರೆ. ನಡೆದೇ ಬರಬೇಕಾದವರು, ಸೈಕಲ್ ತುಳಿಯುವವರು, ವೀಲ್‌ಚೇರ್‌ನಲ್ಲೋ ಮೂರು ಗಾಲಿ ಸೈಕಲ್‌ನಲ್ಲೋ ಬರಬೇಕಾದವರು ಮನೆಯಲ್ಲೇ ಉಳಿಯುತ್ತಾರೆ.

ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆಯ ಲೈಂಗಿಕ ಅಲ್ಪಸಂಖ್ಯಾತರಿಗೆ ದೊಡ್ಡ ಪ್ರೈಡ್ ಅಂದರೆ ಬೆಂಗಳೂರಿನದು. ಅದು ಸಾಮಾನ್ಯವಾಗಿ ನವೆಂಬರ್ ಹೊತ್ತಿಗೆ ನಡೆಯುತ್ತದೆ. ಹುಬ್ಬಳ್ಳಿಯಿಂದ 400 ಕಿ.ಮೀ.ಗೂ ಜಾಸ್ತಿ ದೂರ. ಕಾಲು ಗಟ್ಟಿ ಇದ್ದು ಕೈಯಲ್ಲಿ ಒಂದಿಷ್ಟು ದುಡ್ಡಿದ್ದರೆ ರಾತ್ರಿ ಬಸ್ಸು ಹತ್ತಿ ಹೋಗಿ, ಮರುದಿನ ರಾತ್ರಿ ಮತ್ತೆ ಹತ್ತಿ ಬರಬಹುದು. ಇಲ್ಲದವರ ಕಥೆ ಬೇರೆ. ಅವರ ದಾರಿಯನ್ನು ಇಲ್ಲಿ ಸ್ವಲ್ಪ ಬಿಡಿಸಿ ನೋಡೋಣ.

ದಾರಿ ಮತ್ತು ಗುಟ್ಟು

ರ‍್ಯಾಂಪ್, ಫುಟ್‌ಪಾತ್, ಬಸ್ಸು ಅಂದರೆ ಬರೀ ಅನುಕೂಲದ ಮಾತು ಅಂತ ಅನಿಸುತ್ತದೆ. ಈ ವಿಷಯದಲ್ಲಿ ಅದು ಗುಟ್ಟಿನ ಮಾತೂ ಹೌದು.

ಗದಗ-ಬೆಟಗೇರಿಯಲ್ಲಿ ವೀಲ್‌ಚೇರ್ ಬಳಸುವ ಒಬ್ಬ ಹುಡುಗ ಇದ್ದಾನೆ ಅಂತ ಇಟ್ಟುಕೊಳ್ಳಿ. ತಾನು ಗೇ ಅಂತ ಅವನಿಗೆ ಗೊತ್ತು, ಮನೆಯವರಿಗೆ ಗೊತ್ತಿಲ್ಲ. ಹುಬ್ಬಳ್ಳಿಯಲ್ಲಿ ಸಮುದಾಯದವರು ಒಂದು ಭಾನುವಾರ ಸೇರುತ್ತಾರೆ ಅನ್ನುವ ಸುದ್ದಿ ಅವನ ಮೊಬೈಲ್‌ಗೆ ಬರುತ್ತದೆ. ಹೋಗಬೇಕು ಅನ್ನುವ ಆಸೆ. ಆದರೆ ಹೊಸ್ತಿಲು ದಾಟಿಸಲು ಅಣ್ಣ ಬೇಕು. ಬಸ್ಸಿನ ಮೂರು ಮೆಟ್ಟಿಲು ಹತ್ತಿಸಲು ಮತ್ತೆ ಅಣ್ಣನೇ ಬೇಕು.

"ಎಲ್ಲಿಗೆ ಹೊಂಟೀಯೋ ತಮ್ಮಾ?"

"ಹುಬ್ಬಳ್ಳಿಗೆ."

"ಯಾಕ? ಏನ್ ಕೆಲಸ ಐತಿ ಅಲ್ಲಿ?"

ಇಲ್ಲಿಗೆ ಅವನ ಪ್ರಯಾಣ ಮುಗಿಯುತ್ತದೆ. ಅಣ್ಣ ಕೆಟ್ಟವನಾಗಿರಬೇಕಿಲ್ಲ. ಪ್ರೀತಿಯಿಂದಲೇ ಕೇಳಿರುತ್ತಾನೆ. ಆದರೆ ಇನ್ನೊಬ್ಬರ ಕೈ ಹಿಡಿದು ಹೋಗಬೇಕಾದವನು ಎಲ್ಲಿಗೆ, ಯಾಕೆ ಅಂತ ಹೇಳಲೇಬೇಕು. ಅದೇ ವಯಸ್ಸಿನ, ಕಾಲು ಸರಿ ಇರುವ ಗೇ ಹುಡುಗ "ಗೆಳೆಯನ ಮನೆಗೆ ಹೋಗಿ ಬರ್ತೀನಿ" ಅಂದು ಚಪ್ಪಲಿ ಮೆಟ್ಟಿ ಹೊರಡಬಹುದು. ಯಾರಿಗೆ ಹೇಳಬೇಕು, ಯಾವಾಗ ಹೇಳಬೇಕು ಅನ್ನುವುದು ಅವನ ಕೈಯಲ್ಲಿರುತ್ತದೆ. ವೀಲ್‌ಚೇರ್‌ನಲ್ಲಿರುವವನಿಗೆ ಆ ಹಕ್ಕನ್ನು ಕೊಡುವುದು ಮೆಟ್ಟಿಲಿಲ್ಲದ ಬಸ್ಸು, ಒಡೆಯದ ಫುಟ್‌ಪಾತ್, ಒಬ್ಬನೇ ತಳ್ಳಿಕೊಂಡು ಹೋಗಬಹುದಾದ ರಸ್ತೆ. ರ‍್ಯಾಂಪ್ ಕಟ್ಟುವ ಇಂಜಿನಿಯರ್‌ಗೆ ಇದು ಗೊತ್ತಿರಲಿಕ್ಕಿಲ್ಲ. ಮೆರವಣಿಗೆ ಯೋಜನೆ ಮಾಡುವವರಿಗಂತೂ ಗೊತ್ತಿರಲೇಬೇಕು.

ಸೈಕಲ್‌ನ ವಿಷಯವೂ ಇಷ್ಟೇ. ಅಂಗಡಿಯಲ್ಲಿ ದುಡಿಯುವ ಹುಡುಗಿಯ ಹತ್ತಿರ ಸೈಕಲ್ ಇದ್ದರೆ ಆಟೋಗೆ ದುಡ್ಡು ಕೇಳಬೇಕಿಲ್ಲ, ಯಾರನ್ನೂ ಕಾಯಬೇಕಿಲ್ಲ. ಮನಸ್ಸು ಬಂದಾಗ ಹೋಗಿ, ಹೆದರಿಕೆ ಆದಾಗ ತಿರುಗಿ ಬರಬಹುದು. ಮೊದಲ ಸಲ ಇಂಥ ಕಡೆ ಹೋಗುವವರಿಗೆ ಬೇಕೆಂದಾಗ ಎದ್ದು ಬರುವ ದಾರಿ ಇದೆ ಅನ್ನುವುದು ದೊಡ್ಡ ಧೈರ್ಯ.

ಆದರೆ ಈ ಮೂರೂ ರೀತಿಯ ಪ್ರಯಾಣದಲ್ಲಿ ಇನ್ನೊಂದು ತೊಡಕಿದೆ. ಕಾರಿಗೆ ಗಾಜು ಇರುತ್ತದೆ, ಬಾಗಿಲು ಇರುತ್ತದೆ. ನಡೆಯುವವರಿಗೆ, ಸೈಕಲ್‌ನವರಿಗೆ, ವೀಲ್‌ಚೇರ್‌ನವರಿಗೆ ಮರೆ ಅನ್ನುವುದೇ ಇಲ್ಲ. ಸೀರೆ ಉಟ್ಟ ಟ್ರಾನ್ಸ್ ಮಹಿಳೆ ಮನೆಯಿಂದ ಬಸ್ ಸ್ಟ್ಯಾಂಡ್‌ವರೆಗೆ ನಡೆಯುವಾಗ ಪ್ರತಿ ಪಾನ್ ಅಂಗಡಿಯ ಮುಂದೆಯೂ ಒಂದಿಷ್ಟು ಕಣ್ಣು, ಒಂದಿಷ್ಟು ಮಾತು ದಾಟಿ ಹೋಗಬೇಕು. ಮೆರವಣಿಗೆಯಲ್ಲಿ ಜೊತೆಗೆ ನೂರಾರು ಜನ ಇರುತ್ತಾರೆ. ಅಲ್ಲಿಗೆ ಹೋಗುವ ದಾರಿಯಲ್ಲಿ ಆಕೆ ಒಬ್ಬಳೇ.

ನಡಿಗೆಯಿಂದಲೇ ಹುಟ್ಟಿದ್ದು

ಪ್ರೈಡ್ ಶುರುವಾಗಿದ್ದೇ ನಡಿಗೆಯಾಗಿ. 1969ರ ಜೂನ್ 28ರ ನಸುಕಿನಲ್ಲಿ ನ್ಯೂಯಾರ್ಕ್‌ನ ಸಲಿಂಗಿಗಳು ಸೇರುತ್ತಿದ್ದ ಸ್ಟೋನ್‌ವಾಲ್ ಬಾರ್ ಮೇಲೆ ಪೊಲೀಸ್ ದಾಳಿ ನಡೆಯಿತು, ಜನ ತಿರುಗಿ ಬಿದ್ದರು. ಸರಿಯಾಗಿ ಒಂದು ವರ್ಷದ ಮೇಲೆ ಅದೇ ಊರಿನ ಜನ ಸೆಂಟ್ರಲ್ ಪಾರ್ಕ್‌ವರೆಗೆ ನಡೆದರು. ನಮ್ಮ ದೇಶದಲ್ಲಿ 1999ರ ಜುಲೈ 2ರಂದು ಕೋಲ್ಕತ್ತದಲ್ಲಿ ನಡೆದ ಮೊದಲ ನಡಿಗೆಯಲ್ಲಿ ಇದ್ದವರು ಬರೀ 15 ಮಂದಿ. 2008ರ ಜೂನ್ ಕೊನೆಯಲ್ಲಿ ಬೆಂಗಳೂರಿನ ಜನ ಬೀದಿಗಿಳಿದರು. ಆಗ ಇನ್ನೂ ಸಲಿಂಗ ಸಂಬಂಧವನ್ನು ಅಪರಾಧ ಅನ್ನುತ್ತಿದ್ದ 377ನೇ ಸೆಕ್ಷನ್ ಜಾರಿಯಲ್ಲಿತ್ತು. ಒಪ್ಪಿಗೆಯ ಸಂಬಂಧ ಅಪರಾಧವಲ್ಲ ಅಂತ ಸುಪ್ರೀಂ ಕೋರ್ಟ್ ಹೇಳಿದ್ದು 2018ರ ಸೆಪ್ಟೆಂಬರ್ 6ರಂದು.

ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ಊರಿನಿಂದ ಎರಡು ಸಂಗತಿ ಹೇಳಬೇಕು. ಅಲ್ಲಿನ ನಿಯಮದ ಪ್ರಕಾರ, ರಸ್ತೆ ಮುಚ್ಚಿ 2,000ಕ್ಕೂ ಹೆಚ್ಚು ಜನ ಸೇರುವ ಕಾರ್ಯಕ್ರಮ ಮಾಡುವವರು ಸೈಕಲ್ ನಿಲ್ಲಿಸಲು ಕಾವಲಿರುವ ಜಾಗ ಕೊಡಬೇಕು. ಚೀಟಿ ತಗೊಂಡು ಸೈಕಲ್ ಬಿಟ್ಟು, ವಾಪಸ್ ಬರುವಾಗ ಚೀಟಿ ತೋರಿಸಿ ತಗೊಂಡರಾಯಿತು. ಅಲ್ಲಿನ ಪ್ರೈಡ್‌ಗೂ ಜನ ಹೀಗೇ ಸೈಕಲ್‌ನಲ್ಲಿ ಬರುತ್ತಾರೆ. ಅದೇ ಊರಿನಿಂದ ಲಾಸ್ ಏಂಜಲೀಸ್‌ವರೆಗೆ 2002ರಿಂದ 2025ರವರೆಗೆ ಏಡ್ಸ್ ಪೀಡಿತರ ನೆರವಿಗಾಗಿ ಒಂದು ದೊಡ್ಡ ಸೈಕಲ್ ಯಾತ್ರೆ ನಡೆಯುತ್ತಿತ್ತು. ಏಳು ದಿನ, ಸುಮಾರು 877 ಕಿ.ಮೀ.

ಎರಡನೆಯದು ಹಳೆಯದು. 1977ರ ಏಪ್ರಿಲ್‌ನಲ್ಲಿ ಅಲ್ಲಿನ ಅಂಗವಿಕಲರು ತಮ್ಮ ಹಕ್ಕಿನ ನಿಯಮಗಳಿಗೆ ಸಹಿ ಬೀಳಲಿ ಅಂತ ಒಂದು ಸರ್ಕಾರಿ ಕಟ್ಟಡದೊಳಗೆ ಹೋಗಿ ಕೂತರು. ಮೂರು ವಾರಕ್ಕೂ ಜಾಸ್ತಿ ದಿನ ಕದಲಲಿಲ್ಲ. ಹೊರಗಿನಿಂದ ಅವರಿಗೆ ಊಟ ತಂದುಕೊಟ್ಟವರು ಕರಿಯರ ಹಕ್ಕಿಗಾಗಿ ಹೋರಾಡುತ್ತಿದ್ದ ಬ್ಲ್ಯಾಕ್ ಪ್ಯಾಂಥರ್ಸ್. ಊರಿನ ಸಲಿಂಗಿ ಸಮುದಾಯದವರೂ ನೆರವಿಗೆ ನಿಂತರು. ಅಂಗವಿಕಲರ ಹೋರಾಟ, ಸಲಿಂಗಿಗಳ ಹೋರಾಟ ಒಂದನ್ನೊಂದು ಗುರುತಿಸಿಕೊಂಡು ಇಷ್ಟು ವರ್ಷ ಆಯಿತು. ಆದರೂ ನಮ್ಮಲ್ಲಿ ಪ್ರೈಡ್ ಸಭೆಯ ವೇದಿಕೆಗೆ ರ‍್ಯಾಂಪ್ ಬೇಕು ಅನ್ನುವುದನ್ನು ಪ್ರತಿ ಸಲ ಯಾರಾದರೊಬ್ಬರು ನೆನಪಿಸಬೇಕಾಗುತ್ತದೆ.

ನಡಿಗೆಯ ಪಾಠ ಕಲಿಯಲು ನಾವು ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. ಭಾರತ ಹುಣ್ಣಿಮೆ ಹತ್ತಿರ ಬಂದರೆ ಸವದತ್ತಿ ಎಲ್ಲಮ್ಮನ ಗುಡ್ಡಕ್ಕೆ ಧಾರವಾಡ, ಗದಗ ಕಡೆಯಿಂದ ಜನ ನಡೆದು ಹೋಗುತ್ತಾರೆ, ಚಕ್ಕಡಿ ಕಟ್ಟಿಕೊಂಡು ಹೋಗುತ್ತಾರೆ. ಉಳವಿ ಜಾತ್ರೆಗೂ ಹಾಗೇ. ದಾರಿಯುದ್ದಕ್ಕೂ ಊರಿನವರು ಮಜ್ಜಿಗೆ, ಅವಲಕ್ಕಿ ಇಟ್ಟುಕೊಂಡು ಕಾಯುತ್ತಾರೆ. ಗುಡಿಯ ಕಟ್ಟೆಯಲ್ಲಿ ಮಲಗಲು ಜಾಗ ಕೊಡುತ್ತಾರೆ. ಕಾಲಿಗೆ ಬೊಬ್ಬೆ ಬಂದವರಿಗೆ ಎಣ್ಣೆ ಹಚ್ಚುವವರೂ ಇರುತ್ತಾರೆ. ಇನ್ನು ತೇರಿನ ದಿನ ಕೇಳುವುದೇ ಬೇಡ. ಗುಂಡಿ ಮುಚ್ಚುತ್ತಾರೆ, ಕರೆಂಟ್ ವೈರ್ ಎತ್ತಿ ಕಟ್ಟುತ್ತಾರೆ, ಅಡ್ಡ ಇಟ್ಟ ಡಬ್ಬಿ ಅಂಗಡಿ ಸರಿಸುತ್ತಾರೆ. ತೇರಿನ ಗಾಲಿಗೆ ದಾರಿ ಮಾಡಿಕೊಡುವ ಊರಿಗೆ ವೀಲ್‌ಚೇರ್‌ನ ಗಾಲಿಗೆ ದಾರಿ ಮಾಡುವುದು ಗೊತ್ತಿಲ್ಲದ ವಿದ್ಯೆಯೇನಲ್ಲ.

ಎಲ್ಲಮ್ಮನ ಹೆಸರು ಬಂದ ಮೇಲೆ, ಆಕೆಗೆ ಮುಡಿಪಾಗಿ ಹೆಣ್ಣಿನಂತೆ ಬದುಕುವ ಜೋಗಪ್ಪಗಳನ್ನು ಬಿಟ್ಟು ಮುಂದೆ ಹೋಗಲಾಗದು. ಸೀರೆ ಉಟ್ಟು, ತಲೆ ಮೇಲೆ ಕೊಡ ಹೊತ್ತು, ಚೌಡಕಿ ನುಡಿಸುತ್ತ ಊರೂರು ನಡೆದವರು ಅವರು. ಈ ಭಾಗದ ರಸ್ತೆಗಳಿಗೆ ಅವರ ನಡಿಗೆ ಹೊಸದಲ್ಲ. ಜೋಗತಿ ನೃತ್ಯದ ಮಂಜಮ್ಮ ಜೋಗತಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷೆಯಾದರು, 2021ರಲ್ಲಿ ಪದ್ಮಶ್ರೀ ಪಡೆದರು. ಜಾತ್ರೆಯ ದಿನ ಕಾಲಿಗೆ ಬೀಳುವ ಜನರೇ ಮರುದಿನ ಬಸ್ ಸ್ಟ್ಯಾಂಡ್‌ನಲ್ಲಿ ಕೆಣಕುವುದನ್ನೂ ಈ ಭಾಗ ನೋಡಿದೆ. ಗೌರವ ಗುಡ್ಡದ ಮೇಲೆ ಇದ್ದರೆ ಸಾಲದು, ಗುಡ್ಡಕ್ಕೆ ಹೋಗುವ ಬಸ್ಸಿನಲ್ಲೂ ಇರಬೇಕು ಅಲ್ವಾ?

ಹದಿನೈದು ಸೆಂಟಿಮೀಟರ್

ಈಗ ರಸ್ತೆಗೆ ಬರೋಣ. ಫುಟ್‌ಪಾತ್‌ನ ಅಂಚುಕಲ್ಲು 15 ಸೆಂಟಿಮೀಟರ್ ಎತ್ತರ ಇದೆ ಅಂತ ಇಟ್ಟುಕೊಳ್ಳಿ. ನಡೆಯುವವರಿಗೆ ಅದು ಲೆಕ್ಕಕ್ಕೇ ಇಲ್ಲ. ವೀಲ್‌ಚೇರ್‌ನ ಮುಂದಿನ ಸಣ್ಣ ಗಾಲಿಗೆ ಅದು ಗೋಡೆ. ದಾಟಬೇಕಾದರೆ ಹಿಂದಿನಿಂದ ಒಬ್ಬರು ಕುರ್ಚಿ ವಾಲಿಸಿ ಎತ್ತಬೇಕು. ರ‍್ಯಾಂಪ್ ಮಾಡುವುದಾದರೆ ಒಂದಕ್ಕೆ ಹನ್ನೆರಡರ ಲೆಕ್ಕ. ಅಂದರೆ 15 ಸೆಂ.ಮೀ. ಎತ್ತರಕ್ಕೆ 1.8 ಮೀಟರ್ ಉದ್ದದ ಇಳಿಜಾರು. ನಮ್ಮಲ್ಲಿ ಅಂಗಡಿಗಳ ಮುಂದೆ ಬೈಕ್ ಹತ್ತಿಸಲು ಸುರಿದ ಸಿಮೆಂಟ್ ಇಳಿಜಾರುಗಳಿವೆಯಲ್ಲ, ಅವು ಎರಡು ಅಡಿಯಲ್ಲೇ ಮುಗಿಯುತ್ತವೆ. ಅದರ ಮೇಲೆ ವೀಲ್‌ಚೇರ್ ಹತ್ತಿಸಿದರೆ ಹಿಂದಕ್ಕೆ ಮಗುಚುತ್ತದೆ. ಇಳಿಸಿದರೆ ಕೂತವರು ಮುಂದಕ್ಕೆ ಜಾರುತ್ತಾರೆ. ರ‍್ಯಾಂಪ್ ಇದೆ ಅಂತ ಹೇಳಿದರೆ ಸಾಲದು. ಟೇಪು ಹಿಡಿದು ಅಳೆದು ಹೇಳಬೇಕು.

ಇನ್ನೊಂದು ಮಾತು. ಬೇರೆ ದೇಶದ ಮಾರ್ಗಸೂಚಿಗಳೆಲ್ಲ ವೀಲ್‌ಚೇರ್ ಮನಸ್ಸಿನಲ್ಲಿಟ್ಟುಕೊಂಡು ಬರೆದವು. ನಮ್ಮ ಕಡೆ ರಸ್ತೆಯಲ್ಲಿ ಹೆಚ್ಚಾಗಿ ಕಾಣುವುದು ಕೈಯಿಂದ ಪೆಡಲ್ ತಿರುಗಿಸುವ ಮೂರು ಗಾಲಿ ಸೈಕಲ್, ಇಲ್ಲವೇ ಪಕ್ಕಕ್ಕೆ ಎರಡು ಗಾಲಿ ಕೂರಿಸಿದ ಸ್ಕೂಟರ್. ಇವು ವೀಲ್‌ಚೇರ್‌ಗಿಂತ ಅಗಲ, ಉದ್ದ, ಭಾರ. ತಿರುಗಲು ಜಾಗ ಜಾಸ್ತಿ ಬೇಕು. ಪಾರ್ಕಿನ ಬಾಗಿಲಲ್ಲಿ ಬೈಕ್ ಒಳಗೆ ಬರಬಾರದು ಅಂತ ಕಬ್ಬಿಣದ ಕಂಬ ನೆಟ್ಟಿರುತ್ತಾರೆ. ಕಂಬಗಳ ನಡುವೆ ನಡೆಯುವವರು ಸರಾಗವಾಗಿ ಹೋಗುತ್ತಾರೆ, ವೀಲ್‌ಚೇರ್ ಕಷ್ಟಪಟ್ಟು ತೂರುತ್ತದೆ, ಮೂರು ಗಾಲಿ ಸೈಕಲ್ ಹೊರಗೇ ನಿಲ್ಲುತ್ತದೆ. ಮೆರವಣಿಗೆ ಅಂಥ ಪಾರ್ಕಿನೊಳಗೆ ಮುಗಿಯುವುದಾದರೆ, ದಾರಿಯುದ್ದಕ್ಕೂ ಕೈ ಸೋಲುವವರೆಗೆ ಪೆಡಲ್ ತಿರುಗಿಸಿ ಬಂದವರು ಭಾಷಣ ಕೇಳುವುದು ಗೇಟಿನ ಹೊರಗಿನಿಂದ. ಇದಕ್ಕೆ ಪರಿಹಾರ ಸುಲಭ. ಹಿಂದಿನ ದಿನ ಒಂದು ಮೂರು ಗಾಲಿ ಸೈಕಲ್ ತಂದು ಇಡೀ ದಾರಿ ಒಮ್ಮೆ ಓಡಿಸಿ ನೋಡುವುದು. ಓಡಿಸುವವರು ದಿನಾ ಅದನ್ನು ಬಳಸುವವರೇ ಆಗಿರಬೇಕು.

ಮಳೆಗಾಲದಲ್ಲಿ ಎರಿ ಮಣ್ಣಿನ ಕಾಟ ಬೇರೆ. ಗದಗ, ನವಲಗುಂದ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮಡ್‌ಗಾರ್ಡ್ ಒಳಗೆ ಮಣ್ಣು ಮೆತ್ತಿ ಸೈಕಲ್ ಗಾಲಿ ತಿರುಗುವುದೇ ನಿಲ್ಲುತ್ತದೆ. ಪಾಶ್ಚಾತ್ಯ ದೇಶಗಳಂತೆ ಜೂನ್‌ನಲ್ಲೇ ಮಾಡೋಣ ಅನ್ನುವವರು ಇದನ್ನು ಯೋಚಿಸಬೇಕು. ನಮ್ಮ ಹವೆಗೆ ನವೆಂಬರ್, ಡಿಸೆಂಬರ್, ಜನವರಿ ಒಳ್ಳೆಯದು.

ಚಿಗರಿ ಕೊಟ್ಟಿದ್ದು, ಕೊಡದಿದ್ದದ್ದು

ಹುಬ್ಬಳ್ಳಿ-ಧಾರವಾಡದ ಹತ್ತಿರ ರಾಜ್ಯದ ಬೇರೆ ಎಷ್ಟೋ ಊರುಗಳಲ್ಲಿ ಇಲ್ಲದ ಒಂದು ಸೌಲಭ್ಯ ಇದೆ. ಅದು ಬಿಆರ್‌ಟಿಎಸ್, ಅಂದರೆ ವೇಗದ ಬಸ್ ಸಾರಿಗೆ. 2018ರ ಅಕ್ಟೋಬರ್‌ನಲ್ಲಿ ಪ್ರಾಯೋಗಿಕವಾಗಿ ಓಡಲು ಶುರುವಾದ ಚಿಗರಿ ಬಸ್ಸುಗಳಿಗೆ 2020ರ ಫೆಬ್ರವರಿಯಲ್ಲಿ ಅಧಿಕೃತ ಉದ್ಘಾಟನೆ ಆಯಿತು. ಸುಮಾರು 22 ಕಿ.ಮೀ. ದಾರಿ, ನಡುವೆ ಬಸ್ಸಿಗಷ್ಟೇ ಮೀಸಲಾದ ಲೇನ್. ನಮಗೆ ಮುಖ್ಯವಾದದ್ದು ಇದು: ನಿಲ್ದಾಣದ ಕಟ್ಟೆ ಮತ್ತು ಬಸ್ಸಿನ ನೆಲ ಒಂದೇ ಮಟ್ಟದಲ್ಲಿವೆ. ಮೆಟ್ಟಿಲು ಹತ್ತಬೇಕಿಲ್ಲ. ಬಾಗಿಲು ತೆರೆದಾಗ ಗಾಲಿ ನೇರವಾಗಿ ಒಳಗೆ ಹೋಗಬಹುದು. ಮುಂಚೆ ಹೇಳಿದ ಆ ಹುಡುಗ ಧಾರವಾಡದಲ್ಲಿದ್ದಿದ್ದರೆ ಅಣ್ಣನ ಕೈ ಬೇಡದೆ ಹುಬ್ಬಳ್ಳಿ ಸೇರುವ ಅವಕಾಶ ಇಲ್ಲಿದೆ.

ಅವಕಾಶ ಅಂದೆ, ಖಾತ್ರಿ ಅನ್ನಲಿಲ್ಲ. ಡ್ರೈವರ್ ಬಸ್ಸನ್ನು ಕಟ್ಟೆಗೆ ಒತ್ತಿ ನಿಲ್ಲಿಸಬೇಕು. ಮುಕ್ಕಾಲು ಅಡಿ ದೂರ ನಿಂತರೂ ನಡೆಯುವವರು ದಾಟಿಕೊಳ್ಳುತ್ತಾರೆ, ವೀಲ್‌ಚೇರ್‌ನ ಸಣ್ಣ ಗಾಲಿ ಮಾತ್ರ ಆ ಸಂದಿನಲ್ಲಿ ಸಿಕ್ಕಿಕೊಳ್ಳುತ್ತದೆ. ಮಡಚಿ ಹಾಕುವ ಒಂದು ಹಲಗೆ ಪ್ರತಿ ನಿಲ್ದಾಣದಲ್ಲಿ ಇದ್ದರೆ ಸಾಕು. ಅದಕ್ಕಿಂತ ದೊಡ್ಡ ತೊಂದರೆ ನಿಲ್ದಾಣ ಇರುವ ಜಾಗ. ಅದು ರಸ್ತೆಯ ನಟ್ಟನಡುವೆ. ಅಲ್ಲಿಗೆ ತಲುಪಬೇಕಾದರೆ ಲಾರಿ, ಬಸ್ಸು, ಬೈಕ್ ಓಡುವ ಲೇನ್‌ಗಳನ್ನು ದಾಟಬೇಕು. ಸಿಗ್ನಲ್ ಬಿದ್ದ ಮೇಲೆ ಆರೋಗ್ಯವಂತರು ಓಡಿ ದಾಟುವ ಹೊತ್ತಿನಲ್ಲಿ ಕೋಲು ಹಿಡಿದವರು ಅರ್ಧ ದಾರಿಯಲ್ಲಿರುತ್ತಾರೆ. ಪಾದಚಾರಿ ಹಸಿರು ದೀಪ ಉರಿಯುವ ಸಮಯ ಹೆಚ್ಚಿಸುವುದಕ್ಕೆ ದೊಡ್ಡ ಖರ್ಚಿಲ್ಲ. ಪ್ರೈಡ್‌ನ ಒಂದು ದಿನಕ್ಕಾದರೆ ಒಬ್ಬ ಟ್ರಾಫಿಕ್ ಪೊಲೀಸ್ ನಿಂತು ಕೈ ಅಡ್ಡ ಹಿಡಿದರೂ ಆಯಿತು.

ಹುಬ್ಬಳ್ಳಿ ಒಳಗಂತೂ ಮೇಲ್ಸೇತುವೆ ಕಾಮಗಾರಿಯಿಂದ ಚನ್ನಮ್ಮ ಸರ್ಕಲ್ ಸುತ್ತಮುತ್ತ ನಡೆಯುವವರು ವರ್ಷಗಳಿಂದ ಪಾಡು ಪಡುತ್ತ ಬಂದಿದ್ದಾರೆ. ಧೂಳು, ತಗಡಿನ ಬೇಲಿ, ದಿನಕ್ಕೊಂದು ಕಡೆ ತಿರುಗುವ ದಾರಿ. ಊರಿನ ನಡುಮಧ್ಯ ಅನ್ನುವ ಕಾರಣಕ್ಕೆ ಅಲ್ಲಿಂದಲೇ ಮೆರವಣಿಗೆ ಶುರುವಾಗಬೇಕು ಅನ್ನುವ ಆಸೆ ಸಹಜ. ಆದರೆ ರಸ್ತೆ ಸರಿಯಿಲ್ಲದಿದ್ದರೆ ಆ ಆಸೆ ಬಿಡಬೇಕು.

ಸೈಕಲ್‌ನಲ್ಲಿ ಬರುವವರಿಗೆ ಒಂದು ಖಡಾಖಂಡಿತ ಮಾತು. ಹುಬ್ಬಳ್ಳಿ-ಧಾರವಾಡ ಬೈಪಾಸ್ ಕಡೆ ಹೋಗಬೇಡಿ. ಆ ರಸ್ತೆಯಲ್ಲಿ ಎಷ್ಟು ಜೀವ ಹೋಗಿದೆ ಅನ್ನುವುದು ಇಲ್ಲಿನವರಿಗೆಲ್ಲ ಗೊತ್ತು. ಒಳಗಿನ ಹಳೇ ಪಿ.ಬಿ. (ಪುಣೆ-ಬೆಂಗಳೂರು) ರಸ್ತೆಯೇ ಮೇಲು. ಚಿಗರಿ ಲೇನ್‌ಗೆ ಸೈಕಲ್ ಇಳಿಸುವಂತಿಲ್ಲ, ಪಕ್ಕದ ಸಾಮಾನ್ಯ ಲೇನ್‌ನಲ್ಲೇ ಬರಬೇಕು. ಧಾರವಾಡ ಹುಬ್ಬಳ್ಳಿಗಿಂತ ಎತ್ತರದಲ್ಲಿರುವುದರಿಂದ ಅಲ್ಲಿಂದ ಇಲ್ಲಿಗೆ ಬರುವುದು ಹಗುರ, ಹೋಗುವಾಗ ಉಸಿರು ಬೇಕು. ಇಪ್ಪತ್ತು ಕಿ.ಮೀ.ಗೆ ಸಾಧಾರಣವಾಗಿ ತುಳಿಯುವವರಿಗೆ ಒಂದೂವರೆ ಗಂಟೆ. ಐದಾರು ಜನ ಗುಂಪಾಗಿ ಬಂದರೆ ಕೆಣಕುವವರ ಬಾಯಿ ಅರ್ಧ ಮುಚ್ಚುತ್ತದೆ. ಬಾವುಟ ಕಟ್ಟಿಕೊಂಡು ಬರಬೇಕೋ, ಚೀಲದಲ್ಲಿಟ್ಟುಕೊಂಡು ಬರಬೇಕೋ ಅನ್ನುವುದನ್ನು ಅವರವರಿಗೇ ಬಿಡಬೇಕು. ಅದರಲ್ಲಿ ಒತ್ತಾಯ ಸಲ್ಲದು.

ಸೈಕಲ್ ಬಗ್ಗೆ ಇನ್ನೊಂದು ನೆನಪು. 2006-07ರಿಂದ ಹತ್ತು ವರ್ಷಕ್ಕೂ ಹೆಚ್ಚು ಕಾಲ ರಾಜ್ಯ ಸರ್ಕಾರ ಎಂಟನೇ ಕ್ಲಾಸಿನ ಮಕ್ಕಳಿಗೆ ಸೈಕಲ್ ಕೊಟ್ಟಿತು. ನಮ್ಮ ಹಳ್ಳಿಗಳಲ್ಲಿ ಒಂದು ತಲೆಮಾರಿನ ಹುಡುಗಿಯರು ಮನೆಯವರ ಕಣ್ಣಳತೆ ದಾಟಿ ಒಬ್ಬರೇ ಹೋಗಿ ಬರುವುದನ್ನು ಕಲಿತದ್ದು ಆ ಸೈಕಲ್ ಮೇಲೆ. ಅವರಲ್ಲಿ ಎಷ್ಟೋ ಜನ ಇವತ್ತು ತಮ್ಮ ಮನಸ್ಸು ಯಾರ ಕಡೆ ಹರಿಯುತ್ತದೆ ಅನ್ನುವುದನ್ನು ಯಾರಿಗೂ ಹೇಳದೆ ಬದುಕುತ್ತಿರಬಹುದು.

ಬೆಂಗಳೂರಿನ ದೂರ, ಹುಬ್ಬಳ್ಳಿಯ ಹತ್ತಿರ

ಬೆಂಗಳೂರಿಗೇ ಹೋಗುತ್ತೇವೆ ಅನ್ನುವವರ ಎದುರು ಬೇರೆ ಲೆಕ್ಕ ಇದೆ. ಹುಬ್ಬಳ್ಳಿ ರೈಲು ನಿಲ್ದಾಣದಲ್ಲಿ 1,507 ಮೀಟರ್ ಉದ್ದದ ಪ್ಲಾಟ್‌ಫಾರ್ಮ್ ಇದೆ. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಇದು ಜಗತ್ತಿನಲ್ಲೇ ಅತಿ ಉದ್ದದ್ದು. ಊರಿಗೆ ಹೆಮ್ಮೆ, ಸರಿ. ಈಗ ಅಂಗವಿಕಲರ ಬೋಗಿ ಎಲ್ಲಿರುತ್ತದೆ ನೋಡಿ. ಸಾಮಾನ್ಯವಾಗಿ ರೈಲಿನ ತುದಿಯಲ್ಲಿ. ಹೆಚ್ಚಿನ ರೈಲುಗಳಲ್ಲಿ ಬಾಗಿಲು ಅಗಲ ಇರುವುದು ಆ ಬೋಗಿಗೇ. ಬೇರೆ ಬೋಗಿಯ ಬಾಗಿಲಲ್ಲಿ, ಸೀಟುಗಳ ನಡುವಿನ ಸಂದಿಯಲ್ಲಿ ವೀಲ್‌ಚೇರ್ ಹಿಡಿಸುವುದಿಲ್ಲ. ಹಾಗಾಗಿ ನಡೆಯಲು ಆಗದವರೇ ಹೆಚ್ಚು ದೂರ ಹೋಗಬೇಕು. ಇನ್ನು ರಾತ್ರಿಯ ಸ್ಲೀಪರ್ ಬಸ್ಸು. ಕಡಿದಾದ ಮೆಟ್ಟಿಲು, ಮೈ ಬಗ್ಗಿಸಿ ಹತ್ತಬೇಕಾದ ಬರ್ತ್, ದಾರಿಯಲ್ಲಿ ಡಾಬಾ ಹತ್ತಿರ ನಿಂತರೆ ಟ್ರಾನ್ಸ್ ವ್ಯಕ್ತಿಗಳಿಗೆ ಯಾವ ಶೌಚಾಲಯಕ್ಕೆ ಹೋಗಬೇಕು ಅನ್ನುವ ಹೆದರಿಕೆ. ಎಷ್ಟೋ ಜನ ಅದಕ್ಕೇ ಸಂಜೆಯಿಂದ ನೀರು ಕುಡಿಯದೆ ಪ್ರಯಾಣ ಮಾಡುತ್ತಾರೆ.

ಬಸ್ ಪಾಸ್‌ನ ಲೆಕ್ಕ ನೋಡಿದರೆ ವಿಷಯ ಇನ್ನೂ ಸ್ಪಷ್ಟವಾಗುತ್ತದೆ. ಸಾರಿಗೆ ಸಂಸ್ಥೆಯ ಅಂಗವಿಕಲರ ರಿಯಾಯಿತಿ ಪಾಸ್ ಮನೆಯಿಂದ 100 ಕಿ.ಮೀ. ವ್ಯಾಪ್ತಿಗೆ ಸಿಗುತ್ತದೆ. ಗದಗದಿಂದ ಹುಬ್ಬಳ್ಳಿ ಅರವತ್ತು ಕಿ.ಮೀ. ಒಳಗೆ. ಹಾವೇರಿಯಿಂದ ಎಪ್ಪತ್ತೈದರ ಆಸುಪಾಸು. ಅಂದರೆ ಆ ಪಾಸ್ ಇಬ್ಬರನ್ನೂ ಹುಬ್ಬಳ್ಳಿಗೆ ತಲುಪಿಸುತ್ತದೆ, ಬೆಂಗಳೂರಿಗೆ ತಲುಪಿಸುವುದಿಲ್ಲ. 2023ರ ಜೂನ್ 11ರಂದು ಶುರುವಾದ ಶಕ್ತಿ ಯೋಜನೆಯಲ್ಲಿ ಮಹಿಳೆಯರ ಜೊತೆ ಲಿಂಗತ್ವ ಅಲ್ಪಸಂಖ್ಯಾತರಿಗೂ ಉಚಿತ ಪ್ರಯಾಣ ಇದೆ. ಗುರುತಿನ ಚೀಟಿಯಲ್ಲಿ ಹಳೇ ಹೆಸರು, ಹಳೇ ಫೋಟೋ ಇದ್ದವರು ಕಂಡಕ್ಟರ್ ಎದುರು ಇಡೀ ಬಸ್ಸಿಗೆ ಕೇಳುವ ಹಾಗೆ ತಮ್ಮ ಕಥೆ ಹೇಳಬೇಕಾಗುತ್ತದೆ. ಅದನ್ನು ತಪ್ಪಿಸಲು ಕಂಡಕ್ಟರ್‌ಗಳಿಗೆ ತಿಳಿವಳಿಕೆ ಕೊಡುವುದೊಂದೇ ದಾರಿ.

ಹಾಗಾಗಿ ಪ್ರೈಡ್ ಹುಬ್ಬಳ್ಳಿ-ಧಾರವಾಡದಲ್ಲೇ ದೊಡ್ಡದಾಗಿ ಬೆಳೆಯಬೇಕು ಅನ್ನುವುದು ನನ್ನ ಗಟ್ಟಿ ನಂಬಿಕೆ. ಬೆಂಗಳೂರಿನ ಮೇಲೆ ಮುನಿಸಿಲ್ಲ. ಹಾವೇರಿಯಂಥ ಸಣ್ಣ ಊರಿನಲ್ಲಿ ಹೊಸಮನಿ ಸಿದ್ದಪ್ಪ ಸರ್ಕಲ್‌ನಲ್ಲಿ ನಿಂತರೆ ಹತ್ತು ನಿಮಿಷದಲ್ಲಿ ಹತ್ತು ಜನ ಪರಿಚಯದವರು ಸಿಗುತ್ತಾರೆ. ಅಲ್ಲಿ ಬಾವುಟ ಹಿಡಿಯಲು ಎಲ್ಲರಿಗೂ ಈಗಲೇ ಸಾಧ್ಯವಿಲ್ಲ. ಹುಬ್ಬಳ್ಳಿ ಅವರಿಗೆ ಅಪರಿಚಿತರಾಗುವಷ್ಟು ದೂರ, ಸಂಜೆ ಮನೆ ಸೇರುವಷ್ಟು ಹತ್ತಿರ.

ಕಾನೂನು ಏನು ಹೇಳುತ್ತದೆ

ಒಂದೇ ಫುಟ್‌ಪಾತ್ ಮೇಲೆ ಎರಡು ಕಾನೂನು ಬಂದು ಸೇರುತ್ತವೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 41ನೇ ಸೆಕ್ಷನ್ ಪ್ರಕಾರ ಬಸ್ಸು, ರೈಲು, ನಿಲ್ದಾಣ, ರಸ್ತೆ ಎಲ್ಲವೂ ಅವರಿಗೆ ಬಳಸಲು ಬರುವಂತೆ ಇರಬೇಕು. ನಿಯಮ ಮೀರಿದರೆ ಮೊದಲ ಸಲಕ್ಕೆ 10,000 ರೂಪಾಯಿವರೆಗೆ, ಮತ್ತೆ ಮೀರಿದರೆ 50,000ದಿಂದ 5 ಲಕ್ಷದವರೆಗೆ ದಂಡ. 2019ರ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ ಕಾಯ್ದೆಯ 18ನೇ ಸೆಕ್ಷನ್, ಸಾರ್ವಜನಿಕ ಜಾಗಕ್ಕೆ ಹೋಗುವ ದಾರಿಯನ್ನು ಅವರಿಗೆ ತಡೆಯುವುದನ್ನೇ ಅಪರಾಧ ಅನ್ನುತ್ತದೆ. ಶಿಕ್ಷೆ ಆರು ತಿಂಗಳಿಂದ ಎರಡು ವರ್ಷ. 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್, ಅಂಗವಿಕಲರ ಪ್ರವೇಶ ಸೌಲಭ್ಯ ಬರೀ ಸಲಹೆಯಾಗಿ ಉಳಿಯಬಾರದು, ಕಡ್ಡಾಯ ನಿಯಮ ಮಾಡಿ ಅಂತ ಕೇಂದ್ರಕ್ಕೆ ಹೇಳಿತು. 2025ರ ಮೇ ತಿಂಗಳಲ್ಲಿ ಅದೇ ಕೋರ್ಟ್, ಒತ್ತುವರಿ ಇಲ್ಲದ ಫುಟ್‌ಪಾತ್‌ನಲ್ಲಿ ನಡೆಯುವುದು ಜೀವಿಸುವ ಹಕ್ಕಿನ ಭಾಗ ಅಂದಿತು. ಇಷ್ಟೆಲ್ಲ ಕಾಗದದ ಮೇಲೆ ಇದೆ. ಮೆರವಣಿಗೆಗೆ ಅನುಮತಿ ಕೇಳುವಾಗ ಇವುಗಳನ್ನು ಅರ್ಜಿಯಲ್ಲೇ ಬರೆದು, ದಾರಿಯ ನಕ್ಷೆ ಲಗತ್ತಿಸಿ, ಯಾವ ಯಾವ ಜಾಗದಲ್ಲಿ ಗುಂಡಿ ಮುಚ್ಚಬೇಕು, ಎಲ್ಲಿ ಹಲಗೆ ಹಾಕಬೇಕು ಅಂತ ಗುರುತು ಮಾಡಿ ಕೊಡಬೇಕು. ಹುಬ್ಬಳ್ಳಿ-ಧಾರವಾಡದಲ್ಲಾದರೆ ಪೊಲೀಸ್ ಕಮಿಷನರ್ ಕಚೇರಿಗೆ ಒಂದು ಪ್ರತಿ, ಮಹಾನಗರ ಪಾಲಿಕೆಗೆ ಒಂದು ಪ್ರತಿ. ಗದಗ, ಹಾವೇರಿಯಲ್ಲಾದರೆ ಎಸ್‌ಪಿ ಮತ್ತು ನಗರಸಭೆಗೆ.

ಮೆರವಣಿಗೆಯ ದಿನ

ದಾರಿ ಒಂದು ಚಿಗರಿ ನಿಲ್ದಾಣದ ಹತ್ತಿರ ಶುರುವಾಗಿ ಇನ್ನೊಂದರ ಹತ್ತಿರ ಮುಗಿದರೆ ಅರ್ಧ ತಲೆನೋವು ಕಡಿಮೆ. ವಿದ್ಯಾನಗರದಿಂದ ಉಣಕಲ್ ಕೆರೆ ಕಡೆಗಿನ ದಾರಿಯನ್ನು ಈ ಕಣ್ಣಿನಿಂದ ಪರಿಶೀಲಿಸಬಹುದು. ಮುಖ್ಯ ರಸ್ತೆಯಾದ್ದರಿಂದ ಪೊಲೀಸರು ಒಂದು ಬದಿಯನ್ನಷ್ಟೇ ಕೊಡಬಹುದು, ಅದೂ ಭಾನುವಾರ ಬೆಳಿಗ್ಗೆ. ಅಷ್ಟು ಸಾಕು. ಎರಡು ಕಿ.ಮೀ. ಮೀರಬಾರದು. ಪೂರ್ತಿ ನಡೆಯಲಾಗದವರು ಅರ್ಧಕ್ಕೆ ಸೇರಿಕೊಳ್ಳಲು ಒಂದು ಜಾಗ ಗುರುತಿಸಬೇಕು, ಅಲ್ಲಿ ನೆರಳು, ಕುರ್ಚಿ, ನೀರು ಇರಬೇಕು.

ಮುಂದೆ ಯಾರು ಹೋಗಬೇಕು ಅನ್ನುವುದೂ ಮುಖ್ಯ. ಸಾಮಾನ್ಯವಾಗಿ ತಮಟೆ, ಕುಣಿಯುವವರು ಮುಂದೆ, ವೀಲ್‌ಚೇರ್‌ನವರು ಹಿಂದೆ. ಆಗ ಏನಾಗುತ್ತದೆ ಅಂದರೆ ಮುಂದಿನವರು ವೇಗವಾಗಿ ಹೋಗುತ್ತಾರೆ, ನಡುವೆ ಅಂತರ ಬೀಳುತ್ತದೆ, ಪೊಲೀಸರು ಹಿಂದಿನವರನ್ನು ಬೇಗ ಬೇಗ ಅಂತ ಅವಸರ ಮಾಡುತ್ತಾರೆ. ವೀಲ್‌ಚೇರ್, ಮೂರು ಗಾಲಿ ಸೈಕಲ್, ಕೋಲು ಹಿಡಿದವರು ಎಲ್ಲರಿಗಿಂತ ಮುಂದೆ ಇದ್ದರೆ ಇಡೀ ಮೆರವಣಿಗೆ ಅವರ ವೇಗಕ್ಕೆ ಬರುತ್ತದೆ. ತಮಟೆ ಅವರ ಕಿವಿಗೆ ತೀರಾ ಹತ್ತಿರ ಇರಬಾರದು. ಸೈಕಲ್‌ಗಳನ್ನು ಶುರುವಾಗುವ ಜಾಗದಲ್ಲೇ ಚೀಟಿ ಕೊಟ್ಟು ನಿಲ್ಲಿಸಿಕೊಂಡು ಇಬ್ಬರು ಕಾವಲಿರಬೇಕು. ಜನರ ನಡುವೆ ಸೈಕಲ್ ತಳ್ಳಿಕೊಂಡು ಹೋದರೆ ಪೆಡಲ್ ಬಡಿಯುವುದು ವೀಲ್‌ಚೇರ್‌ನಲ್ಲಿ ಕೂತವರ ಮೊಣಕಾಲಿಗೆ.

ಪ್ರಚಾರದ ಪೋಸ್ಟರ್‌ನಲ್ಲಿ "ಎಲ್ಲರಿಗೂ ಸ್ವಾಗತ" ಅಂತ ಬರೆಯುವ ಜಾಗದಲ್ಲೇ ಇನ್ನೂ ನಾಲ್ಕು ಸಾಲು ಬರೆಯಬೇಕು. ದಾರಿ ಎಷ್ಟು ದೂರ, ಎಲ್ಲಿ ಏರು, ಎಲ್ಲಿ ಮೆಟ್ಟಿಲು, ವೀಲ್‌ಚೇರ್ ಹೋಗುವ ಶೌಚಾಲಯ ಎಲ್ಲಿ, ಇಲ್ಲವಾದರೆ ಇಲ್ಲ ಅಂತ. ಇಲ್ಲ ಅಂತ ಮೊದಲೇ ಗೊತ್ತಾದರೆ ಬರುವವರು ತಯಾರಾಗಿ ಬರುತ್ತಾರೆ. ಬಂದ ಮೇಲೆ ಗೊತ್ತಾದರೆ ಮುಂದಿನ ಸಲ ಬರುವುದಿಲ್ಲ. ಫೋಟೋ ಬೇಡ ಅನ್ನುವವರಿಗೆ ಕೈಗೆ ಕಟ್ಟಿಕೊಳ್ಳುವ ಗುರುತಿನ ಪಟ್ಟಿ ಕೊಡಬೇಕು. ವೀಲ್‌ಚೇರ್‌ನವರ ಫೋಟೋ ತೆಗೆಯಲು ಪತ್ರಿಕೆಯವರು ಹೆಚ್ಚು ಮುಗಿಬೀಳುತ್ತಾರೆ, ಅವರಲ್ಲಿ ಮನೆಗೆ ಹೇಳದೆ ಬಂದವರೂ ಇರುತ್ತಾರೆ.

ಕೊನೆಗೆ, ವಾಪಸ್ ಹೋಗುವ ದಾರಿ. ಮೆರವಣಿಗೆ ಮುಗಿದು ಗುಂಪು ಚದುರಿದ ಮೇಲೆಯೇ ಹೆಚ್ಚು ಅಪಾಯ. ಮುಖಕ್ಕೆ ಬಣ್ಣ ಹಚ್ಚಿಕೊಂಡವರು, ಸೀರೆ ಉಟ್ಟವರು ಒಬ್ಬೊಬ್ಬರೇ ಬಸ್ ಸ್ಟ್ಯಾಂಡ್ ಕಡೆ ನಡೆಯುತ್ತಾರೆ. ಮುಖ ತೊಳೆದುಕೊಳ್ಳಲು, ಬಟ್ಟೆ ಬದಲಿಸಲು ಬಾಗಿಲು ಇರುವ ಒಂದು ಕೋಣೆ ಬೇಕು. ಕಾರ್ಯಕ್ರಮ ಮಧ್ಯಾಹ್ನಕ್ಕೆ ಮುಗಿಯಬೇಕು, ಗದಗ ಮತ್ತು ಹಾವೇರಿ ಬಸ್ಸು ಹಿಡಿಯುವವರು ಬೆಳಕಿರುವಾಗಲೇ ಊರು ಸೇರಬೇಕು. ಸ್ವಯಂಸೇವಕರಲ್ಲಿ ಅರ್ಧ ಜನರನ್ನು ಮೆರವಣಿಗೆಗೆ ಹಾಕದೆ ಈ ಕೆಲಸಕ್ಕೇ ಇಟ್ಟುಕೊಳ್ಳುವುದು ಒಳ್ಳೆಯದು. ನಡೆದು ಹೋಗುವವರ ಜೊತೆ ಬಸ್ ಸ್ಟ್ಯಾಂಡ್‌ವರೆಗೆ ಇಬ್ಬರು, ಧಾರವಾಡಕ್ಕೆ ಹೋಗುವ ಸೈಕಲ್ ಗುಂಪಿನ ಹಿಂದೆ ಒಂದು ಬೈಕ್, ಚಿಗರಿ ನಿಲ್ದಾಣದಲ್ಲಿ ಹಲಗೆ ಹಿಡಿದು ಇನ್ನಿಬ್ಬರು. ಎಲ್ಲರೂ ಮನೆ ತಲುಪಿದೆ ಅಂತ ಮೆಸೇಜ್ ಮಾಡುವವರೆಗೆ ಅವರ ಡ್ಯೂಟಿ ಮುಗಿಯುವುದಿಲ್ಲ.